ಸಿಗಡಿ ತಟ್ಟೆಯ ಮುಂದೆ ಮುಫ್ತಿಗಳು

ಮೊಬೈಲಲ್ಲಿ ಎರಡು ವಿಡಿಯೊ ನೋಡಿದವರೆಲ್ಲ ಈಗ ಧರ್ಮದ ತೀರ್ಪು ಕೊಡುವ ಮುಫ್ತಿಗಳೇ ಮಾರಾಯ್ರೆ. ನಿನ್ನೆ ಬೆಂಗಳೂರಲ್ಲಿ ಒಂದು ಮದುವೆ. ಹುಡುಗಿ ನಮ್ಮ ಮಂಗಳೂರು ಕಡೆಯವಳು, ಹುಡುಗ ಘಟ್ಟದ ಮೇಲಿನವನು. ಬಿರಿಯಾನಿ ಜೊತೆ ಸಿಗಡಿ ಸುಕ್ಕ, ಬೊಂಡಾಸ್ (ಸ್ಕ್ವಿಡ್) ಫ್ರೈ ಇತ್ತು. ಎದುರು ಕೂತಿದ್ದ ಯುವಕನೊಬ್ಬ ನಮ್ಮ ಕಡೆಯ ಒಂದು ಮಗುವಿಗೆ "ಅದು ಹರಾಮ್, ಮುಟ್ಬೇಡ" ಅಂದ. ಮಗು ಪಾಪ, ಕೈ ಹಿಂದಕ್ಕೆ ತಗೊಂಡಿತು. ನನ್ನ ಪಿತ್ತ ನೆತ್ತಿಗೇರಿತು.

ಅವನು ಹನಫಿ, ಅಂದ್ರೆ ಇಮಾಂ ಅಬೂ ಹನೀಫಾರ ಪಂಥದವನು. ಅವರಲ್ಲಿ ಸಮುದ್ರದ ಜೀವಿಗಳ ಪೈಕಿ ಮೀನು ಮಾತ್ರ ಹಲಾಲ್. ಸಿಗಡಿ ಮೀನೋ ಅಲ್ಲವೋ ಅಂತ ಅವರ ಉಲಮಾಗಳಲ್ಲೇ (ಧರ್ಮಪಂಡಿತರಲ್ಲೇ) ಭಿನ್ನಾಭಿಪ್ರಾಯ ಇದೆ, ತಿನ್ನಬಹುದು ಅಂದವರೂ ಬೇಕಾದಷ್ಟಿದ್ದಾರೆ. ನಾವು ಕರಾವಳಿಯ ಬ್ಯಾರಿ ಮುಸ್ಲಿಮರು ಶಾಫಿಗಳು, ಇಮಾಂ ಶಾಫಿಯವರ ಪಂಥದವರು. ನಮಗೆ ಸಿಗಡಿಯೂ ಹಲಾಲ್, ಬೊಂಡಾಸೂ ಹಲಾಲ್. (ಏಡಿಯ ಸುದ್ದಿ ಎತ್ತಬೇಡಿ. ನೆಲದಲ್ಲೂ ನೀರಲ್ಲೂ ಬದುಕುತ್ತದೆ ಅಂತ ನಮ್ಮ ಶಾಫಿ ಗ್ರಂಥಗಳೇ ಅದನ್ನು ಬೇಡ ಅಂದಿವೆ. ಕೆಲವರಿಗೆ ಈಗ ಕೋಪ ಬರುತ್ತದೆ, ಬರಲಿ.)

ಇಮಾಂ ಅಬೂ ಹನೀಫಾ ತೀರಿಕೊಂಡದ್ದು ಕ್ರಿ.ಶ. 767ರಲ್ಲಿ. ಅದೇ ವರ್ಷ ಇಮಾಂ ಶಾಫಿ ಹುಟ್ಟಿದರು. ಮುಂದೆ ಅಬೂ ಹನೀಫಾರ ಶಿಷ್ಯ ಶೈಬಾನಿಯವರ ಹತ್ತಿರವೇ ಹೋಗಿ ಕಲಿತರು. ಕಲಿತು, ಎಷ್ಟೋ ವಿಷಯದಲ್ಲಿ ಒಪ್ಪಲಿಲ್ಲ. ಆದರೂ ಗೌರವ ಬಿಡಲಿಲ್ಲ. ಅಂಥವರ ಮದ್‌ಹಬ್‌ಗಳ (ಧರ್ಮಶಾಸ್ತ್ರದ ಪಂಥಗಳ) ನಡುವಿನ ವಿಷಯವನ್ನು ಇವನು ಬಿರಿಯಾನಿ ಅಗಿಯುತ್ತಾ ತೀರ್ಮಾನ ಮಾಡಿಬಿಟ್ಟ!

ಊಟದ ವಿಷಯದಲ್ಲಿ ಮೊದಲ ನಿಯಮವೇ ಹಲಾಲ್ ಅನ್ನೋದು. ಬೇಡ ಅನ್ನುವುದಕ್ಕೆ ಆಧಾರ ಬೇಕು. ಕುರ್‌ಆನ್‌ನ ಸೂರಾ (ಅಧ್ಯಾಯ) ಅನ್‌ಆಮ್‌ನ 145ನೇ ವಚನ ಹೆಸರಿಸುವುದು ನಾಲ್ಕನ್ನು. ತಾನಾಗಿ ಸತ್ತ ಪ್ರಾಣಿ, ಹರಿಯುವ ರಕ್ತ, ಹಂದಿ ಮಾಂಸ, ಅಲ್ಲಾಹನಲ್ಲದವರ ಹೆಸರಲ್ಲಿ ಕೊಯ್ದದ್ದು. ಅದರಲ್ಲೂ ಬೇರೆ ದಾರಿಯೇ ಇಲ್ಲದೆ ತಿಂದವನಿಗೆ ಕ್ಷಮೆಯಿದೆ. ಹೆಂಡವನ್ನು ಕುರ್‌ಆನ್ ಬೇರೆ ಕಡೆ ನಿಷೇಧಿಸಿದೆ. ಕೋರೆಹಲ್ಲಿನಿಂದ ಬೇಟೆಯಾಡುವ ಮೃಗ, ಉಗುರಿನಿಂದ ಹಿಡಿಯುವ ಹಕ್ಕಿ, ಇವು ಹದೀಸ್‌ನಲ್ಲಿ (ಪ್ರವಾದಿಯವರ ನಡೆನುಡಿಯ ವರದಿಗಳಲ್ಲಿ) ಬರುತ್ತವೆ. ಬಾಯಿಗೆ ಬಂದಂತೆ "ಇದು ಹಲಾಲ್, ಇದು ಹರಾಮ್" ಅಂತ ಸುಳ್ಳು ಹೇಳಬೇಡಿ ಅಂತ ಸೂರಾ ನಹ್ಲ್‌ನ 116ನೇ ವಚನ ಎಚ್ಚರಿಸುತ್ತದೆ. ಅದರ ಮೇಲೆ ವಿಡಿಯೊ ಯಾಕೆ ಫಾರ್ವರ್ಡ್ ಆಗುವುದಿಲ್ಲವೋ ಗೊತ್ತಿಲ್ಲ.

ಪ್ರವಾದಿಯವರ ಮುಂದೆ ಒಮ್ಮೆ ಮರುಭೂಮಿಯ ಉಡದಂಥ ಪ್ರಾಣಿಯ ಮಾಂಸ ಬಡಿಸಿದರು. ಅವರು ಕೈ ಹಿಂದಕ್ಕೆ ತಗೊಂಡರು. ಹರಾಮಾ ಅಂತ ಅವರ ಸಂಗಾತಿ ಖಾಲಿದ್ ಬಿನ್ ವಲೀದ್ ಕೇಳಿದರು. ಇಲ್ಲ, ನಮ್ಮೂರಲ್ಲಿ ಇದು ಇರಲಿಲ್ಲ, ನನಗೆ ಹಿಡಿಸುವುದಿಲ್ಲ ಅಂದರು ಅಷ್ಟೇ. ಖಾಲಿದ್ ತಟ್ಟೆ ತನ್ನ ಕಡೆಗೆ ಎಳೆದುಕೊಂಡು ತಿಂದರು, ಪ್ರವಾದಿಯವರು ನೋಡುತ್ತಿದ್ದರು. ನನಗೆ ಕುರಿ ಬೋಟಿ ಕಂಡರಾಗದು, ವಾಸನೆಗೇ ಎದ್ದು ಹೋಗುತ್ತೇನೆ. ಹಾಗಂತ ಮನೆಯಲ್ಲಿ ಫತ್ವಾ ಹೊರಡಿಸಿಲ್ಲ!

ಜಾಗ್ರತೆ ಒಳ್ಳೆಯದಲ್ವಾ, ಅನುಮಾನ ಇರೋದನ್ನ ಬಿಡಬೇಕಲ್ವಾ ಅಂತೀರಿ. ಬಿಡಿ, ಯಾರು ಬೇಡ ಅಂದರು? ಚಾಕಲೇಟಿನಲ್ಲಿರುವ ಜೆಲಟಿನ್ ಯಾವ ಪ್ರಾಣಿಯದ್ದು ಅಂತ ನಾನೂ ಪ್ಯಾಕೆಟ್ ತಿರುಗಿಸಿ ಓದುತ್ತೇನೆ. ಆದರೆ ಅದು ನಮ್ಮ ನಮ್ಮ ತಟ್ಟೆಯ ಜಾಗ್ರತೆ. ಪಕ್ಕದವರ ಮಗುವಿನ ತಟ್ಟೆಗೆ ಕೈ ಹಾಕುವ ಲೈಸೆನ್ಸ್ ಅಲ್ಲ.

ಇನ್ನೊಂದು ವಿಷಯ. ಧೂಳು ಹಿಡಿದು ದೂರ ಪ್ರಯಾಣ ಮಾಡಿದವನೊಬ್ಬ ಆಕಾಶಕ್ಕೆ ಕೈಯೆತ್ತಿ ಬೇಡುತ್ತಾನೆ, ಆದರೆ ಅವನ ಊಟ, ಬಟ್ಟೆ ಎಲ್ಲ ಹರಾಮಿನದ್ದು, ಅವನ ಪ್ರಾರ್ಥನೆಗೆ ಉತ್ತರ ಹೇಗೆ ಸಿಗಬೇಕು ಅಂತ ಕೇಳುವ ಹದೀಸ್ ಸಹೀಹ್ ಮುಸ್ಲಿಂ ಎಂಬ ಹದೀಸ್ ಸಂಗ್ರಹದಲ್ಲಿದೆ. ಅಂದ್ರೆ ದುಡ್ಡು ಎಲ್ಲಿಂದ ಬಂತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಮದುವೆಗಳಲ್ಲಿ ಕೋಳಿ ಕೊಯ್ದವರು ಯಾರು ಅಂತ ಹತ್ತು ಜನ ವಿಚಾರಿಸುತ್ತಾರೆ. ಹುಡುಗಿಯ ಅಪ್ಪನಿಂದ ಪವನು ಲೆಕ್ಕದಲ್ಲಿ ಚಿನ್ನ, ಮೇಲೊಂದು ಕಾರು ತಗೊಂಡದ್ದು ಯಾವ ಮದ್‌ಹಬ್‌ನಲ್ಲಿ ಹಲಾಲ್ ಅಂತ ಒಬ್ಬನೂ ಕೇಳುವುದಿಲ್ಲ. ಅದಕ್ಕೊಂದು ವಿಡಿಯೊ ಇದ್ದರೆ ಕಾಮೆಂಟಿಗೆ ಹಾಕಿ, ನೋಡ್ತೇನೆ.