ಎಲ್ಲ ಕಡೆಗೂ ತಿರುಗುತ್ತದೆ, ನಮ್ಮ ಕಡೆಗೆ ಬಿಟ್ಟು

ಕಂಟ್ರೋಲ್, ಆಲ್ಟ್ ಮತ್ತು ಕೆಳಗಿನ ಬಾಣ. ಇಂಟೆಲ್ ಗ್ರಾಫಿಕ್ಸ್ ಇರುವ ಹಳೆಯ ಕಂಪ್ಯೂಟರಿನಲ್ಲಿ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಪರದೆ ಶೀರ್ಷಾಸನ ಹಾಕುತ್ತದೆ. ಬೇಕೆಂದೇ ಒತ್ತಬೇಕಾಗಿಲ್ಲ, ಕೀಬೋರ್ಡಿನ ಮೇಲೆ ಕೈ ಅಡ್ಡಾದಿಡ್ಡಿ ಬಿದ್ದರೂ ಆದೀತು. ಆಮೇಲಿನ ವಿಧಿವಿಧಾನಗಳು ಕೌಂಟರಿನ ಮುಂದೆ ಸರದಿ ನಿಂತವರಿಗೆಲ್ಲ ಗೊತ್ತಿರುವವೇ: ಮೊದಲು ಕುತ್ತಿಗೆ ವಾಲಿಸಿ ಓದುವ ಪ್ರಯತ್ನ, ಬಳಿಕ ಪ್ಲಗ್ ಕಿತ್ತು ಮತ್ತೆ ಸಿಕ್ಕಿಸುವುದು, ಅದೂ ಫಲಿಸದಿದ್ದರೆ ಮಾನಿಟರನ್ನೇ ಬುಡಮೇಲು ಮಾಡಿ ಗೋಡೆಗೆ ಒರಗಿಸುವುದು. ಕೊನೆಗೆ, "ಸಿಸ್ಟಮ್ ಸರಿಯಿಲ್ಲ, ನಾಳೆ ಬನ್ನಿ." ಇಷ್ಟು ದಿನ ಸರ್ವರ್ ಮಲಗುತ್ತಿತ್ತು, ಈಗ ಪರದೆ ತಲೆಯ ಮೇಲಾದರೂ ನಿಲ್ಲುತ್ತಿದೆ. ಪ್ರಗತಿಯಲ್ಲದೆ ಇದು ಮತ್ತೇನು?

ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಪರದೆಗೆ ನಾಲ್ಕು ಭಂಗಿಗಳಿವೆ: ಅಡ್ಡ, ಉದ್ದ, ತಲೆಕೆಳಗಾದ ಅಡ್ಡ, ತಲೆಕೆಳಗಾದ ಉದ್ದ. ನಾಲ್ಕನೆಯದನ್ನು ಆರಿಸಿಕೊಂಡು ಸಂಸಾರ ಸಾಗಿಸುತ್ತಿರುವ ಪುಣ್ಯಾತ್ಮರನ್ನು ನಾನು ಕಂಡಿಲ್ಲ. ಆದರೆ ಆ ತಂತ್ರಾಂಶಕ್ಕೆ ಒಂದು ಸೌಜನ್ಯವಿದೆ. ಪರದೆಯನ್ನು ತಿರುಗಿಸಿದ ಕೂಡಲೇ "ಇದನ್ನು ಹೀಗೆಯೇ ಇಟ್ಟುಕೊಳ್ಳುವಿರಾ?" ಎಂದು ಕೇಳಿ, ಕೆಲವು ಸೆಕೆಂಡು ಕಾಯುತ್ತದೆ. ಉತ್ತರ ಬಾರದಿದ್ದರೆ ಏನೋ ಅನಾಹುತವಾಗಿದೆ ಎಂದು ಊಹಿಸಿ ತಾನಾಗಿಯೇ ಹಳೆಯ ಸ್ಥಿತಿಗೆ ಮರಳುತ್ತದೆ. ಸುತ್ತೋಲೆ ಹೊರಡಿಸುವವರಿಗೂ ಇಂಥದ್ದೊಂದು ಏರ್ಪಾಡು ಇದ್ದಿದ್ದರೆ ನಾಡು ಎಂದೋ ಉದ್ಧಾರವಾಗುತ್ತಿತ್ತು.

ಬಡವರು ಹೀಗೆ ಪುಕ್ಕಟೆಯಾಗಿ ಪರದೆ ತಿರುಗಿಸಿಕೊಳ್ಳುತ್ತಿದ್ದರೆ ಉಳ್ಳವರು ಕಾಸು ಕೊಟ್ಟು ತಿರುಗಿಸುತ್ತಾರೆ. 2019ರಲ್ಲಿ ಆಪಲ್ ಕಂಪನಿ 4,999 ಡಾಲರಿನ ಮಾನಿಟರ್ ಒಂದನ್ನು ಪ್ರಕಟಿಸಿತು. ಅದನ್ನು ಮೇಜಿನ ಮೇಲೆ ನಿಲ್ಲಿಸುವ ಕಾಲಿಗೆ ಬೇರೆ 999 ಡಾಲರ್. ದೇವರಿಗೊಂದು ರೇಟು, ಪೀಠಕ್ಕೊಂದು ರೇಟು. ಆ ಕಾಲಿನ ಮಹಿಮೆಗಳಲ್ಲಿ ಮುಖ್ಯವಾದದ್ದೆಂದರೆ ಪರದೆಯನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಬಹುದು. ಬೆಲೆ ಹೇಳಿದಾಗ ಸಭಾಂಗಣದಲ್ಲಿದ್ದ ಭಕ್ತಾದಿಗಳೇ ಗುಜುಗುಜು ಎಂದರು. 2022ರಲ್ಲಿ ಅದೇ ಕಂಪನಿ ಇನ್ನೊಂದು ಮಾನಿಟರ್ ತಂದಿತು. ಅದರ ಕಾಲಿಗೆ 400 ಡಾಲರ್ ಹೆಚ್ಚು ಕೊಟ್ಟರೆ ಪರದೆ ಮೇಲೆ ಕೆಳಗೆ ಹೋಗುತ್ತಿತ್ತು. ತಿರುಗುತ್ತಿತ್ತೇ? ಇಲ್ಲ. ತಿರುಗುವುದು ಬೇಕಿದ್ದವರು ಕಾಲನ್ನೇ ಬಿಟ್ಟು ಗೋಡೆಗೋ ಕಬ್ಬಿಣದ ತೋಳಿಗೋ ಸ್ಕ್ರೂ ಹಾಕಿಸಿಕೊಳ್ಳಬೇಕಿತ್ತು.

ಉದ್ದನೆಯ ಪರದೆ ಹೊಸದೇನೂ ಅಲ್ಲ. 1973ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತಯಾರಾದ ಜೆರಾಕ್ಸ್ ಆಲ್ಟೋ ಕಂಪ್ಯೂಟರಿಗೆ ಇದ್ದದ್ದೇ ಉದ್ದನೆಯ ಪರದೆ: ಅಗಲ 606 ಚುಕ್ಕೆ (ಪಿಕ್ಸೆಲ್), ಎತ್ತರ 808. ಕಂಪ್ಯೂಟರಿನಲ್ಲಿ ಜನ ಕಾಗದದ ಕೆಲಸ ಮಾಡುತ್ತಾರೆ, ಕಾಗದ ಉದ್ದಕ್ಕಿರುತ್ತದೆ, ಆದ್ದರಿಂದ ಪರದೆಯೂ ಉದ್ದಕ್ಕಿರಲಿ ಎಂದು ಆ ಪೆದ್ದರು ಭಾವಿಸಿದ್ದರು. ಮೇಲೆ ಹೇಳಿದ ಆಪಲ್ ಕೂಡ 1989ರಲ್ಲಿ ಇಡೀ ಪುಟ ಕಾಣುವ ಉದ್ದನೆಯ ಮಾನಿಟರ್ ಮಾರಿತ್ತು.

ಬಳಿಕ ಟಿವಿ ಬಂದು ಕಚೇರಿಯ ಮೇಜಿನ ಮೇಲೆ ಕುಳಿತಿತು. ಕರ್ನ್ಸ್ ಪವರ್ಸ್ ಎಂಬ ಎಂಜಿನಿಯರು 1980ರ ದಶಕದಲ್ಲಿ ಬಗೆಬಗೆಯ ಸಿನಿಮಾ ಚೌಕಟ್ಟುಗಳನ್ನು ಒಂದರ ಮೇಲೊಂದು ಇಟ್ಟು ನೋಡಿ, ಎಲ್ಲಕ್ಕೂ ಅಷ್ಟಿಷ್ಟು ಒಗ್ಗುವ 16:9 (ಅಗಲ 16 ಪಾಲು, ಎತ್ತರ 9 ಪಾಲು) ಎಂಬ ರಾಜಿ ಅಳತೆ ಕಂಡುಹಿಡಿದರು. ಟಿವಿಗೆ ಸರಿ. 2010ರ ಹೊತ್ತಿಗೆ ಕಂಪ್ಯೂಟರುಗಳಿಗೂ ಅದೇ ಬಂತು, ಏಕೆಂದರೆ ಟಿವಿಗೆ ಗಾಜು ಕೊಯ್ಯುವ ಕಾರ್ಖಾನೆಗೆ ಮಾನಿಟರನ್ನೂ ಅದೇ ಅಳತೆಯಲ್ಲಿ ಕೊಯ್ದರೆ ಲಾಭ. ಅದಕ್ಕೂ ಮೊದಲು ಲ್ಯಾಪ್‌ಟಾಪ್‌ಗಳಿಗೆ 16:10 ಇತ್ತು. ನಮ್ಮಿಂದ ಕಿತ್ತುಕೊಂಡ ಆ ಒಂದು ಪಾಲನ್ನು ಈಗ ದುಬಾರಿ ಲ್ಯಾಪ್‌ಟಾಪ್‌ಗಳಲ್ಲಿ "ಹೆಚ್ಚು ಎತ್ತರದ ಪರದೆ" ಎಂಬ ಹೊಸ ಆವಿಷ್ಕಾರವಾಗಿ ನಮಗೇ ಮಾರುತ್ತಿದ್ದಾರೆ. ಚಪ್ಪಾಳೆ.

ಇದರಲ್ಲಿ ಕನ್ನಡಿಗರಿಗೆ ಸಿಕ್ಕಿದ್ದು ವಿಶೇಷ ಪೆಟ್ಟು. ನಮ್ಮದು ಮೇಲೆ ಗುಡಿಸು, ಕೆಳಗೆ ಒತ್ತಕ್ಷರ ಇರುವ ಲಿಪಿ. 'ರಾಷ್ಟ್ರ' ಎಂದು ಬರೆದರೆ ಸಾಲು ಎರಡಂತಸ್ತು ಕೆಳಗಿಳಿಯುತ್ತದೆ. ವರ್ಷಗಟ್ಟಲೆ ನಮ್ಮ ಪಾಲಿಗೆ ಬಂದ ಅಗ್ಗದ ಲ್ಯಾಪ್‌ಟಾಪಿನ ಪರದೆಯ ಎತ್ತರ 768 ಚುಕ್ಕೆ. ಮೇಲೆ ವರ್ಡ್‌ನ ಗುಂಡಿಗಳ ಪಟ್ಟಿ, ಕೆಳಗೆ ಟಾಸ್ಕ್‌ಬಾರ್. ನಡುವೆ ಉಳಿದ ಕಿಂಡಿಯಲ್ಲಿ ಕನ್ನಡ ಉಸಿರಾಡಬೇಕು. ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನದಲ್ಲಿ 16 ಸಾಲುಗಳಿವೆ. ಎತ್ತರಕ್ಕೆ ನಿಂತ ಕಲ್ಲು, ಸ್ಕ್ರೋಲ್ ಮಾಡಬೇಕಾಗಿಲ್ಲ, ಅಪ್‌ಡೇಟ್ ಕೇಳುವುದಿಲ್ಲ. ಅಡ್ಡಗಲದ ಪರದೆ ನಮ್ಮ ಪರಂಪರೆಯಲ್ಲೇ ಇದೆ, ಓಲೆಗರಿಯೂ ಅಡ್ಡಕ್ಕೇ ಇತ್ತಲ್ಲ ಎಂದು ವಾದಿಸುವವರು ಇದ್ದೇ ಇರುತ್ತಾರೆ. ನಿಜ. ಆದರೆ ಆ ಆಕಾರ ತಾಳೆ ಮರದ್ದು, ಕವಿಗಳೂ ಲಿಪಿಕಾರರೂ ಹೊಂದಿಕೊಂಡರು. ಮರದ ಜೊತೆ ಜಗಳವಾಡುವುದಕ್ಕಾಗುವುದಿಲ್ಲ. ಗಾಜಿನ ಕಾರ್ಖಾನೆ ಯಾವ ಬೀಜದಿಂದಲೂ ಮೊಳೆತದ್ದಲ್ಲ.

ಅತ್ತ ಮೊಬೈಲು ಉದ್ದ, ಇತ್ತ ಟಿವಿ ಅಡ್ಡ. ಅಪಘಾತವನ್ನು ಯಾರೋ ಮೊಬೈಲನ್ನು ನೆಟ್ಟಗೆ ಹಿಡಿದು ಚಿತ್ರಿಸಿರುತ್ತಾರೆ. ವಾರ್ತಾ ವಾಹಿನಿ ಅದನ್ನು ನಡುವೆ ಒಂದು ಪಟ್ಟಿಯಾಗಿ ಇಟ್ಟು, ಎಡಕ್ಕೂ ಬಲಕ್ಕೂ ಅದೇ ದೃಶ್ಯವನ್ನು ಮಸುಕು ಮಾಡಿ ಹರಡುತ್ತದೆ. ದೊಡ್ಡ ಟಿವಿ ಕೊಂಡವರಿಗೆ ದೊಡ್ಡ ಮಸುಕು. ಇದಕ್ಕೆ ಪರಿಹಾರವಾಗಿ ಸ್ಯಾಮ್‌ಸಂಗ್ 43 ಇಂಚಿನ ಟಿವಿಯೇ ಎದ್ದು ನಿಲ್ಲುವಂತೆ ಮಾಡಿತು. ಮೊಬೈಲನ್ನು ಅಡ್ಡ ಹಿಡಿಯಿರಿ ಎಂದು ಜನಕ್ಕೆ ಹೇಳುವುದಕ್ಕಿಂತ ಟಿವಿಗೆ ಮೋಟಾರು ಕಟ್ಟುವುದು ಸುಲಭ ಎಂಬ ತೀರ್ಮಾನಕ್ಕೆ ಮನುಕುಲ ಬಂದಿದೆ.

ಇವೆಲ್ಲ ನಗುವ ಮಾತಾಯಿತು. ಈಚೆಗೆ ಕಚೇರಿಯೊಂದರಲ್ಲಿ ನನ್ನ ಮುಂದೆ ಒಬ್ಬರು ಅಜ್ಜಿ ನಿಂತಿದ್ದರು. ಗಾಜಿನಾಚೆ ಗುಮಾಸ್ತರ ಪರದೆಯ ನಡುವೆ ಅವರ ಅರ್ಜಿ ಇರುವೆ ಸಾಲಿನಂತೆ ಕಾಣುತ್ತಿತ್ತು, ಎರಡೂ ಬದಿ ಬರೀ ಬೂದು ಬಣ್ಣ. "ಅಜ್ಜಿ, ಹೆಸರು ಸರಿಯಾಗಿದೆಯೇ ನೋಡಿ ಹೇಳಿ" ಎಂದು ಮಾನಿಟರನ್ನು ಅರ್ಧ ತಿರುಗಿಸಿದರು. ಕೇಬಲ್ ಅಷ್ಟಕ್ಕೇ ಜಗ್ಗಿ ನಿಂತಿತು. ಅಜ್ಜಿ ಕಿಂಡಿಯೊಳಗೆ ತಲೆ ತೂರಿಸಿದರು. "ಕಾಣುತ್ತಿಲ್ಲವಲ್ಲ ಸ್ವಾಮಿ." "ಸರಿಯಾಗಿಯೇ ಇದೆ ಬಿಡಿ." ಒತ್ತಕ್ಷರದ ಹೊಟ್ಟೆ ಸೀಳಿದೆಯೋ ಇಲ್ಲವೋ ಎಂಬುದರ ಮೇಲೆ ಆಧಾರಿಗೂ ಪಹಣಿಗೂ ತಾಳೆಯಾಗುವುದು, ಸಾಲ, ಪರಿಹಾರ, ಪಿಂಚಣಿ ಎಲ್ಲವೂ ನಿಂತಿರುತ್ತದೆ. ತಪ್ಪಿದರೆ ಅಫಿಡವಿಟ್ಟು, ನೋಟರಿ, ಅಲೆದಾಟ, ಅದೂ ಅವರ ಖರ್ಚಿನಲ್ಲಿ.

ಇದು ಯಾರಿಗೂ ಹೊಳೆಯದ ಸಂಗತಿಯೇನಲ್ಲ. ಎರಡು ದಶಕಗಳಿಗೂ ಹಿಂದೆ ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ 'ಭೂಮಿ' ಯೋಜನೆ ತಾಲ್ಲೂಕು ಕಚೇರಿಗಳಿಗೆ ಬಂದಾಗ, 15 ರೂಪಾಯಿಗೆ ಪಹಣಿ ಕೊಡುತ್ತಿದ್ದ ಕೇಂದ್ರಗಳಲ್ಲಿ ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆ ಇರಬೇಕೆಂದು ಯೋಚಿಸಿದವರು ನಮ್ಮ ರಾಜ್ಯದಲ್ಲೇ ಇದ್ದರು. ಒಳಗೆ ಏನು ಟೈಪಾಗುತ್ತಿದೆ ಎಂದು ಹೊರಗಿನವನು ನೋಡಲಿ ಎಂಬಷ್ಟೇ ಆಸೆ. ನಾನು ನಿಂತಿದ್ದ ಕೌಂಟರಿನಲ್ಲಿ ಅಂಥದ್ದು ಇರಲಿಲ್ಲ. ಕ್ಯಾಮೆರಾ ಇತ್ತು, ಅದು ನಮ್ಮ ಕಡೆಗೇ ನೋಡುತ್ತಿತ್ತು. "ಹೆಬ್ಬೆಟ್ಟು ಇಡಿ ಅಜ್ಜಿ" ಎಂದು ಬೆರಳಚ್ಚಿನ ಯಂತ್ರವನ್ನು ಹೊರಗೆ ತಳ್ಳಿದರು. ಅದರ ವೈರು ಮಾತ್ರ ಕಿಂಡಿ ದಾಟಿ ಅವರ ಕೈವರೆಗೂ ಬರುವಷ್ಟು ಉದ್ದವಿತ್ತು. ಆ ವೈರು ಕೊಂಡ ಅಂಗಡಿಯಲ್ಲೇ ಮಾನಿಟರಿನ ಕೇಬಲ್ಲೂ ಸಿಗುತ್ತದೆ ಸ್ವಾಮಿ, ಕೆಲವು ನೂರು ರೂಪಾಯಿಗೆ.