ಬರೀತೀನಿ ಬಿಡಿ

ನಿಂತುಹೋಗಿದ್ದ ಕೈಗಡಿಯಾರವೊಂದನ್ನು ರಿಪೇರಿಗೆ ಕೊಟ್ಟಿದ್ದೆ. ವಾಪಸು ಕೊಡುವಾಗ ರಿಪೇರಿಯವರು ಅದನ್ನು ನನ್ನ ಕಿವಿಯ ಹತ್ತಿರ ಹಿಡಿದರು. ಟಿಕ್ ಟಿಕ್. ನನ್ನ ಮುಖ ಅರಳಿದ್ದು ನೋಡಿ, ಮೇಜಿನ ಗಾಜಿನಡಿ ಇಟ್ಟಿದ್ದ ಕ್ಯೂಆರ್ ಕೋಡ್ ತೋರಿಸುತ್ತಾ, ನನ್ನ ಮುಖ ಬಿಟ್ಟು ಬೇರೆಲ್ಲೋ ನೋಡುತ್ತಾ, "ಸಾರ್, ಒಂದು ರಿವ್ಯೂ..." ಎಂದರು. ಸಾಲ ಕೇಳುವವರೂ ಇಷ್ಟು ಸಂಕೋಚಪಡುವುದಿಲ್ಲ. "ಅಯ್ಯೋ, ಬರೀತೀನಿ ಬಿಡಿ" ಎಂದೆ.

ಆರು ತಿಂಗಳಾಯಿತು.

ನಾನು ಉಪಕಾರ ಮರೆಯುವವನೇನಲ್ಲ. ಆ ರಾತ್ರಿಯೇ ಮೊಬೈಲ್ ಹಿಡಿದು ಐದು ಸ್ಟಾರ್ ಒತ್ತಿದ್ದೂ ಆಗಿತ್ತು. ಕೆಳಗೊಂದು ಖಾಲಿ ಚೌಕ. 'ಚೆನ್ನಾಗಿದೆ' ಎಂದು ಬರೆದೆ, ಬೋಳುಬೋಳಾಗಿ ಕಂಡಿತು. 'ಅತ್ಯುತ್ತಮ ಸೇವೆ' ಎಂದು ತಿದ್ದಿದೆ. ಅವರ ಭಾವಮೈದುನನೇ ಬರೆದ ಹಾಗಾಯಿತು. ಎಲ್ಲ ಅಳಿಸಿ, ಬೆಳಿಗ್ಗೆ ನೋಡೋಣವೆಂದು ಮಲಗಿಬಿಟ್ಟೆ. ಗೀಚುವುದೇ ಚಟವಾದವನಿಗೆ ಎರಡು ಸಾಲು ಹುಟ್ಟಲಿಲ್ಲ ನೋಡಿ.

ಅದೇ, ಹಿಂದೊಮ್ಮೆ ಕೊಂಡ ಛತ್ರಿಯ ಕಡ್ಡಿ ಮೊದಲ ಮಳೆಗೇ ಮುರಿದಾಗ, ಮನೆ ಸೇರುವವರೆಗೂ ತಡೆದಿರಲಿಲ್ಲ. ಸೂರಿನಡಿ ನಿಂತು, ಒದ್ದೆ ಬೆರಳಲ್ಲೇ ಪುಟಗಟ್ಟಲೆ ಕುಟ್ಟಿದ್ದೆ. ಒಂದು ಕಾಗುಣಿತದ ತಪ್ಪೂ ಇರಲಿಲ್ಲ!

ಇದು ನನ್ನೊಬ್ಬನ ಗುಣವಲ್ಲವಂತೆ. ಆನ್‌ಲೈನ್ ರಿವ್ಯೂಗಳನ್ನು ಗ್ರಾಫಿನಲ್ಲಿ ಹಾಕಿದರೆ ಸಾಮಾನ್ಯವಾಗಿ ಇಂಗ್ಲಿಷಿನ ಜೆ ಅಕ್ಷರದ ಆಕಾರ ಬರುತ್ತದೆ ಎನ್ನುತ್ತಾರೆ ಸಂಶೋಧಕರು: ಐದರ ಕಡೆ ಎತ್ತರ, ಒಂದರ ಕಡೆ ಸ್ವಲ್ಪ ಎತ್ತರ, ನಡುವೆ ತಗ್ಗು. 'ಪರವಾಗಿಲ್ಲ, ಕೆಲಸ ಆಯ್ತು' ಎನ್ನುವ ಬಹುಸಂಖ್ಯಾತರು ಆ ತಗ್ಗಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿರುತ್ತಾರೆ.

ಸಣ್ಣ ವ್ಯಾಪಾರಿಗೆ ಈ ಮೌನ ದುಬಾರಿ. ಲೆಕ್ಕ ಹಾಕಿ. ಹತ್ತು ಜನ ಐದೈದು ಸ್ಟಾರ್ ಕೊಟ್ಟಿದ್ದಾರೆ. ಹನ್ನೊಂದನೆಯವನು, ಬಂದಾಗ ಬಾಗಿಲು ಹಾಕಿತ್ತೆಂದು ಒಂದು ಕೊಟ್ಟ. ಸರಾಸರಿ 4.6ಕ್ಕೆ ಇಳಿಯಿತು. ಅದನ್ನು 4.9ಕ್ಕೆ ಏರಿಸಬೇಕಾದರೆ ಇನ್ನೂ 29 ಜನ ಐದೈದು ಕೊಡಬೇಕು. ದೊಡ್ಡ ಕಂಪನಿಗೆ ಇಂಥದ್ದು ಆನೆಗೆ ಸೊಳ್ಳೆ ಕಚ್ಚಿದ ಹಾಗೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕೆಲ್ ಲೂಕಾ 2011ರಲ್ಲಿ ಅಮೆರಿಕದ ಸಿಯಾಟಲ್‌ನ ರೆಸ್ಟೋರೆಂಟ್‌ಗಳ ಲೆಕ್ಕ ತೆಗೆದಾಗ ಕಂಡದ್ದೂ ಇದೇ. ಅಲ್ಲಿನವರು ರಿವ್ಯೂ ಬರೆಯುವ ಯೆಲ್ಪ್ ಎಂಬ ಜಾಲತಾಣದಲ್ಲಿ ಒಂದು ಸ್ಟಾರ್ ಹೆಚ್ಚಾದರೆ ವರಮಾನ ಶೇ. 5ರಿಂದ 9ರಷ್ಟು ಏರುತ್ತಿತ್ತು, ಆದರೆ ಸ್ವತಂತ್ರವಾಗಿ ನಡೆಯುವ ರೆಸ್ಟೋರೆಂಟ್‌ಗಳಲ್ಲಿ ಮಾತ್ರ. ಊರೂರಲ್ಲಿ ಶಾಖೆಯಿದ್ದವಕ್ಕೆ ಸ್ಟಾರಿನ ಹಂಗೇ ಇರಲಿಲ್ಲ.

ಹಾಗಾದರೆ ಕೇಳದೆ ವಿಧಿಯಿಲ್ಲ. ಕೇಳುವುದಕ್ಕೂ ಕಟ್ಟಳೆಗಳಿವೆ. ಗೂಗಲ್, ಕೇಳಿ ಪರವಾಗಿಲ್ಲ, ಆದರೆ ಉಡುಗೊರೆ, ರಿಯಾಯಿತಿ ತೋರಿಸಿ ಬರೆಸಬೇಡಿ, ಖುಷಿಯಾದವರನ್ನಷ್ಟೇ ಆರಿಸಿ ಕೇಳಬೇಡಿ ಎನ್ನುತ್ತದೆ. ಯೆಲ್ಪ್ ಕೇಳುವುದೇ ಬೇಡ ಎನ್ನುತ್ತದೆ. ನೆಂಟರಿಷ್ಟರಿಂದ ಬರೆಸಿದರೆ? ಅದು ಓದುವವರ ಮೂಗಿಗೆ ಬಡಿಯುತ್ತದೆ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸ್ಪೀಗಲ್ ಸಂಶೋಧನಾ ಕೇಂದ್ರದ ಅಧ್ಯಯನದಲ್ಲಿ, ಜನ ಕೊಳ್ಳುವ ಸಾಧ್ಯತೆ ಅತಿ ಹೆಚ್ಚಿದ್ದದ್ದು ರೇಟಿಂಗ್ 4.0ರಿಂದ 4.7ರ ನಡುವೆ ಇದ್ದಾಗ. ಐದರ ಹತ್ತಿರ ಹೋದಂತೆ ಅದು ಇಳಿಯುತ್ತಿತ್ತು. ಒಂದೆರಡು ಗೊಣಗಾಟ ಇದ್ದರೇ ನಂಬಿಕೆ ಬರುತ್ತದೋ ಏನೋ.

ನಮ್ಮ ರಿಪೇರಿಯವರು ಕೇಳಿದ ಗಳಿಗೆ ಸರಿಯಾಗಿಯೇ ಇತ್ತು. ಗಡಿಯಾರ ಟಿಕ್ ಎಂದ ಆ ಗಳಿಗೆ ತಪ್ಪಿದರೆ ಮತ್ತೆ ಸಿಗುವುದಿಲ್ಲ. ಎಡವಿದ್ದು ಮಾತಿನಲ್ಲಿ. 'ಒಂದು ರಿವ್ಯೂ' ಎನ್ನುವುದು, ಮನೆಗೆ ಬಂದವರಿಗೆ 'ಒಂದು ಹಾಡು ಹೇಳಿ' ಎಂದ ಹಾಗೆ. ಹಾಡುಗಾರನ ಗಂಟಲೂ ಕಟ್ಟುತ್ತದೆ. "ಗಡಿಯಾರಕ್ಕೆ ಏನಾಗಿತ್ತು, ಈಗ ಹೇಗೆ ನಡೀತಿದೆ, ಅಷ್ಟು ಬರೀರಿ ಸಾರ್" ಎಂದಿದ್ದರೆ ಅಲ್ಲೇ ನಿಂತು ಬರೆದುಕೊಡುತ್ತಿದ್ದೆ. ಸಂಜೆ ಲಿಂಕ್ ಕಳಿಸಿ ಒಮ್ಮೆ ನೆನಪಿಸಿದ್ದರೆ ಇನ್ನೂ ಸಲೀಸು. ಒಮ್ಮೆ ಮಾತ್ರ. ಮೂರು ಸಲ ನೆನಪಿಸುವವರ ನಂಬರನ್ನು ನಾನು ಬ್ಲಾಕ್ ಮಾಡಿದ್ದುಂಟು.

ನಿನ್ನೆ ಆ ಪ್ರಶ್ನೆಗಳನ್ನು ನನಗೆ ನಾನೇ ಕೇಳಿಕೊಂಡು ಬರೆದೆ: 'ಏಳು ವರ್ಷ ಪೆಟ್ಟಿಗೆಯಲ್ಲಿ ಬಿದ್ದಿದ್ದ ಗಡಿಯಾರ. ಒಳಗೆ ಎಣ್ಣೆ ಗಟ್ಟಿಯಾಗಿತ್ತಂತೆ. ಪೂರ್ತಿ ಬಿಚ್ಚಿ, ತೊಳೆದು ಕೊಟ್ಟರು. ಆರು ತಿಂಗಳಿಂದ ನಡೆಯುತ್ತಿದೆ. ದಿನಕ್ಕೆ ಎರಡು ನಿಮಿಷ ಮುಂದೆ ಓಡುತ್ತದೆ, ಅಷ್ಟೇ.' ನಾಲ್ಕೋ ಐದೋ ಎಂದು ಬೆರಳು ತುಸು ತಡವರಿಸಿತು. ಐದೇ ಒತ್ತಿದೆ.

ಅರ್ಧ ಗಂಟೆಯಲ್ಲಿ ಅದರ ಕೆಳಗೇ ಉತ್ತರ ಬಂತು: 'ಥ್ಯಾಂಕ್ಸ್ ಸಾರ್. ಎರಡು ನಿಮಿಷ ಮುಂದೆ ಹೋಗಬಾರದು. ಮೊದಲೇ ಯಾಕೆ ಹೇಳಲಿಲ್ಲ? ನಾಳೆ ತನ್ನಿ.'