ಈಥರ್ ಮತ್ತು ಕಲಬುರಗಿಯ ಬಿಸಿಲು

ರಸಾಯನ ವಿಜ್ಞಾನಿ ಜೆಫ್ರಿ ವಿಲ್ಕಿನ್ಸನ್ ಕುರಿತ ನಿಮ್ಮ ಲೇಖನ ಚೆನ್ನಾಗಿದೆ. ಆದರೆ ಫೆರೋಸೀನ್ ಎಂಬ ಕಬ್ಬಿಣದ ಸಂಯುಕ್ತವನ್ನು ಕಂಡುಹಿಡಿದದ್ದೇ ಅವರು ಎಂದು ಬರೆದಿದ್ದೀರಿ, ಅದು ಸರಿಯಲ್ಲ. 1951ರಲ್ಲಿ ಅದನ್ನು ಪ್ರಕಟಿಸಿದವರು ಕೀಲಿ ಮತ್ತು ಪಾಸನ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು. ಅದರ ರಚನೆ ಹೀಗಿರಬೇಕು ಎಂದು ಹೇಳಿದವರು ಒಂದು ಕಡೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ವಿಲ್ಕಿನ್ಸನ್, ವುಡ್‌ವರ್ಡ್. ಇನ್ನೊಂದು ಕಡೆ ಜರ್ಮನಿಯ ಫಿಷರ್. 1973ರ ನೊಬೆಲ್ ವಿಲ್ಕಿನ್ಸನ್, ಫಿಷರ್ ಇಬ್ಬರಿಗೂ ಬಂತು. ಹಾರ್ವರ್ಡ್ ಮಾತ್ರ ವಿಲ್ಕಿನ್ಸನ್ನರನ್ನು ಕಾಯಂ ಮಾಡಿರಲಿಲ್ಲ. ಆಮೇಲೆ ಹೊಟ್ಟೆ ಉರಿದಿರಬೇಕು, ಅಲ್ವಾ!

ನಾನು ಕಲಬುರಗಿಯಲ್ಲಿ ಎಂಎಸ್ಸಿ ಓದುವಾಗ ನಾವೂ ಫೆರೋಸೀನ್ ಮಾಡಲು ಹೊರಟಿದ್ದೆವು. ಮೇಲೊಂದು ಕೆಳಗೊಂದು ಕಾರ್ಬನ್ ಉಂಗುರ, ನಡುವೆ ಕಬ್ಬಿಣ. ಎರಡು ರೊಟ್ಟಿ ನಡುವೆ ಶೇಂಗಾ ಹಿಂಡಿ ಇಟ್ಟ ಹಾಗೆ ಎನ್ನುತ್ತಿದ್ದರು ನಮ್ಮ ಸರ್. ಮೇ ತಿಂಗಳು. ದ್ರಾವಕವಾಗಿ ಬಳಸುವ ಈಥರ್ ಕುದಿಯುವುದೇ 35 ಡಿಗ್ರಿಗೆ, ಹೊರಗೆ 42! ಬಾಟಲಿ ಮುಚ್ಚಳ ತಿರುಗಿಸಿದರೆ ಬುಸ್ ಅನ್ನುತ್ತಿತ್ತು. ಅಳೆದು ಸುರಿಯುವಷ್ಟರಲ್ಲಿ ಒಂದಿಷ್ಟು ಗಾಳಿಪಾಲು, ತಲೆ ಬೇರೆ ಗಿರ್ ಅನ್ನುತ್ತಿತ್ತು. ಎರಡು ಸಲ ಕೆಟ್ಟಿತು. ಕೊನೆಗೆ ಬೆಳಿಗ್ಗೆ ಆರಕ್ಕೇ ಲ್ಯಾಬ್ ತೆರೆಸಿ, ತಂಪು ಪಾನೀಯದ ಅಂಗಡಿಯಿಂದ ಐಸ್ ತಂದು ಕೂತೆವು.

ಕಿತ್ತಳೆ ಬಣ್ಣದ ಹರಳು ಬಂತು. ಮೂಸಿದರೆ ಕರ್ಪೂರದಂಥ ವಾಸನೆ. ಒಂದು ಚಿಟಿಕೆಯಷ್ಟೇ, ಆದರೂ ಇಡೀ ಡಿಪಾರ್ಟ್‌ಮೆಂಟಿಗೆ ತೋರಿಸಿಕೊಂಡು ಬಂದೆವು.